ಹೊಳೆಗುಂಟ ಎರಡು ಗಾಲಿ

ಬೆಳಗಾವಿ ಜಿಲ್ಲೆಯ ನಕ್ಷೆಯ ಮೇಲೆ ಕಿತ್ತೂರಿನಿಂದ ಮೂಡಣಕ್ಕೆ ಬೆರಳೆಳೆದರೆ ಬೈಲಹೊಂಗಲ, ಸವದತ್ತಿ, ರಾಮದುರ್ಗ ಒಂದಾದ ಮೇಲೊಂದು ಸಿಗುತ್ತವೆ. ಎಲ್ಲ ಕೂಡಿ ನೂರು ಕಿಲೋಮೀಟರಿಗೆ ತುಸು ಹೆಚ್ಚಿನ ದಾರಿ. ಶಾಲೆಯ ಪ್ರವಾಸದ ಬಸ್ಸು ಇದನ್ನು ಒಂದೇ ದಿನದಲ್ಲಿ ಮುಗಿಸಿಬಿಡುತ್ತದೆ. ಕಿತ್ತೂರಲ್ಲಿ ಕೋಟೆ, ಬೈಲಹೊಂಗಲದಲ್ಲಿ ಕಿತ್ತೂರು ರಾಣಿ ಚೆನ್ನಮ್ಮನ ಸಮಾಧಿ, ಸವದತ್ತಿಯಲ್ಲಿ ಎಲ್ಲಮ್ಮನ ಗುಡ್ಡ, ಹೊತ್ತು ಉಳಿದರೆ ನವಿಲುತೀರ್ಥದ ಅಣೆಕಟ್ಟು. ರಾಮದುರ್ಗದ ತನಕ ಹೋಗುವ ಬಸ್ಸುಗಳು ಕಡಿಮೆ. ಇಳಿಯುವುದು, ನೋಡುವುದು, ಹತ್ತುವುದು; ನಡುವಿನ ದಾರಿ ಹಾಡಿಗೆ, ನಿದ್ದೆಗೆ, ವಾಂತಿಗೆ ಮೀಸಲು. ಇವತ್ತಿನ ನನ್ನ ವಾದವೆಲ್ಲ ಆ ನಡುವಿನ ದಾರಿಯ ಪರವಾಗಿ. ಈ ಸೀಮೆಯಲ್ಲಿ ನಡೆದ ದೊಡ್ಡ ಘಟನೆಗಳನ್ನು ಬಿಡಿಸಿ ನೋಡಿದರೆ, ಅವು ಏಕೆ ಹಾಗೆ ನಡೆದವು ಎಂಬುದರ ಅರ್ಧ ಉತ್ತರ ಕೋಟೆಯ ಗೋಡೆಯಲ್ಲಿಲ್ಲ, ಒಂದು ಊರಿನಿಂದ ಇನ್ನೊಂದು ಊರಿಗೆ ಇರುವ ದೂರದಲ್ಲಿ, ಏರಿನಲ್ಲಿ, ಮಣ್ಣಿನ ಬಣ್ಣದಲ್ಲಿ ಇದೆ. ಅದನ್ನು ಓದಲು ಇಂದು ನಮ್ಮ ಕೈಯಲ್ಲಿರುವ ತಕ್ಕ ಸಾಧನ ಸೈಕಲ್.

ಸೈಕಲ್ಲಿನ ಮೇಲೆ ಕೂತು ಇತಿಹಾಸ ನೋಡುವುದು ಫ್ರಾನ್ಸಿನವರ ರೂಢಿ ಎಂದು ಹಲವರಿಗೆ ಗೊತ್ತು. 1903ರಲ್ಲಿ ಅಲ್ಲಿನ ಲೊಟೊ ಎಂಬ ಕ್ರೀಡಾಪತ್ರಿಕೆ ತನ್ನ ಮಾರಾಟ ಹೆಚ್ಚಿಸಿಕೊಳ್ಳಲು ದೇಶ ಸುತ್ತುವ ಸೈಕಲ್ ಪಂದ್ಯ ಏರ್ಪಡಿಸಿತು. ಆರು ಹಂತ, 2428 ಕಿಲೋಮೀಟರು. ಅದೇ ಇಂದಿನ ಟೂರ್ ದ ಫ್ರಾನ್ಸ್. ಈಗ ಜುಲೈ ತಿಂಗಳಲ್ಲಿ ದೂರದರ್ಶನದ ಮುಂದೆ ಕೂತವರು ಸವಾರರನ್ನು ಎಷ್ಟು ನೋಡುತ್ತಾರೋ ಅವರ ಹಿಂದಿನ ಕೋಟೆ, ಇಗರ್ಜಿ, ದ್ರಾಕ್ಷಿತೋಟಗಳನ್ನೂ ಅಷ್ಟೇ ನೋಡುತ್ತಾರೆ. ನನಗೆ ಇದಕ್ಕಿಂತ ಮುಖ್ಯವಾಗಿ ಕಾಣುವುದು ಲ್ವಾರ್ ನದಿಯ ಸಂಗತಿ. ಆ ನದಿಯ ದಂಡೆಗುಂಟ ಅರಮನೆಗಳ ಸಾಲೇ ಇದೆ. 2000ದಲ್ಲಿ ಯುನೆಸ್ಕೊ ಅಲ್ಲಿನ ಸುಮಾರು 280 ಕಿಲೋಮೀಟರು ಉದ್ದದ ಕಣಿವೆಯನ್ನೇ ವಿಶ್ವಪರಂಪರೆಯ ಪಟ್ಟಿಗೆ ಸೇರಿಸಿತು. ಅರಮನೆಗಳ ನಡುವಿನ ಹೊಲ, ಹಳ್ಳಿ, ಹೊಳೆಯ ಒಡ್ಡು ಎಲ್ಲವೂ ಪರಂಪರೆಯೇ ಎಂದು ಒಪ್ಪಿದಂತಾಯಿತು. ನಮ್ಮ ಮಲಪ್ರಭೆಯ ಮಾತಿಗೆ ಬಂದರೆ 1987ರಲ್ಲೇ ಪಟ್ಟದಕಲ್ಲು ಆ ಪಟ್ಟಿ ಸೇರಿದೆ, ಆದರೆ ಗುಡಿಗಳ ಗುಂಪಾಗಿ. ಅದೇ ಹೊಳೆ ಪಟ್ಟದಕಲ್ಲಿಗೆ ಬರುವ ಮೊದಲು ದಾಟಿಬಂದ ಸಂಗೊಳ್ಳಿ, ಮುನವಳ್ಳಿ, ತೊರಗಲ್ಲು, ರಾಮದುರ್ಗಗಳು ಆ ಲೆಕ್ಕದಲ್ಲಿಲ್ಲ. ಫ್ರಾನ್ಸಿನವರ ಹಾಗೆ ಆಗಬೇಕೆಂಬ ಹಟದಿಂದ ಈ ಹೋಲಿಕೆ ತಂದದ್ದಲ್ಲ. ಹೊಳೆಯನ್ನೇ ದಾರವಾಗಿ ಹಿಡಿದು ಸ್ಥಳಗಳನ್ನು ಪೋಣಿಸಬಹುದು ಎಂಬುದಕ್ಕೆ ಅದೊಂದು ನಿದರ್ಶನ, ಅಷ್ಟೆ.

ಮೊದಲು ನೆಲ ಎಂಥದು ಎಂದು ನೋಡೋಣ. ಮಲಪ್ರಭೆ ಖಾನಾಪುರ ತಾಲೂಕಿನ ಕಣಕುಂಬಿಯಲ್ಲಿ, ಸಮುದ್ರಮಟ್ಟದಿಂದ 792 ಮೀಟರು ಎತ್ತರದಲ್ಲಿ ಹುಟ್ಟುತ್ತಾಳೆ. ನವಿಲುತೀರ್ಥದ ಜಲಾಶಯದ ಪೂರ್ಣಮಟ್ಟ 2079.50 ಅಡಿ, ಅಂದರೆ 634 ಮೀಟರಿನ ಹತ್ತಿರ. ಅಷ್ಟು ಉದ್ದಕ್ಕೆ ಇಳಿದದ್ದು ನೂರೈವತ್ತು-ನೂರರವತ್ತು ಮೀಟರು ಮಾತ್ರ. ಲೆಕ್ಕ ನೋಡಿದವರು ಇದು ಮಟ್ಟಸ ನೆಲ ಎಂದುಕೊಂಡಾರು. ಆದರೆ ಹೊಳೆ ಮೂಡಣಕ್ಕೆ ಹರಿಯುತ್ತದೆ, ರಸ್ತೆಯೂ ಮೂಡಣಕ್ಕೇ ಹೊರಟಿದೆ. ಹೀಗಾಗಿ ಹೊಳೆಗೆ ಬಂದು ಕೂಡುವ ಹಳ್ಳಗಳನ್ನೆಲ್ಲ ರಸ್ತೆ ಅಡ್ಡಡ್ಡ ದಾಟಬೇಕು. ಪ್ರತಿ ಹಳ್ಳಕ್ಕೂ ಒಂದು ಇಳಕಲು, ಒಂದು ಏರು. ಕಾರಿನ ಎಂಜಿನ್ನು ಇದನ್ನು ನುಂಗಿಹಾಕುತ್ತದೆ, ಒಳಗೆ ಕೂತವನಿಗೆ ನೆಲ ಚಪ್ಪಟೆಯೆಂದೇ ತೋರುತ್ತದೆ. ಸೈಕಲ್ಲಿನವನ ತೊಡೆಗೆ ಒಂದೊಂದು ಹಳ್ಳವೂ ಲೆಕ್ಕಕ್ಕೆ ಬರುತ್ತದೆ. ಹಳ್ಳದ ದಂಡೆಗೆ ಊರು, ದಿನ್ನೆಯ ಮೇಲೆ ಬಯಲು, ಮತ್ತೆ ಹಳ್ಳ, ಮತ್ತೆ ಊರು: ಈ ಸೀಮೆಯಲ್ಲಿ ಊರುಗಳು ಕೂತ ರೀತಿಯೇ ಇದು, ಮತ್ತು ಇದು ತಿಳಿಯುವುದು ಏರಿ ಇಳಿದಾಗ.

ಕಿತ್ತೂರಿನಿಂದ ಶುರುಮಾಡೋಣ. ಅಲ್ಲಿಂದ ಆರೇಳು ಕಿಲೋಮೀಟರಿನೊಳಗೆ ದೇಗಾಂವಿ ಇದೆ. ಗೋವೆಯ ಕದಂಬರ ಅರಸ ಶಿವಚಿತ್ತ ಪೆರ್ಮಾಡಿಯ ರಾಣಿ ಕಮಲಾದೇವಿ 12ನೆಯ ಶತಮಾನದಲ್ಲಿ ಕಟ್ಟಿಸಿದ ಕಮಲನಾರಾಯಣ ಗುಡಿ ಅಲ್ಲಿಯದು. ಗೋವೆಯ ರಾಣಿಗೆ ಘಟ್ಟದ ಮೇಲಿನ ಈ ಊರಲ್ಲೇನು ಕೆಲಸ ಎಂದು ಕೋಟೆ ನೋಡಿ ಬಸ್ಸು ಹತ್ತಿದವನು ಕೇಳುವುದಿಲ್ಲ. ದೇಗಾಂವಿಯಿಂದ ಕಿತ್ತೂರಿಗೆ, ಕಿತ್ತೂರಿನಿಂದ ಬೈಲಹೊಂಗಲಕ್ಕೆ ಒಂದು ಮುಂಜಾನೆಯಲ್ಲಿ ಪೆಡಲು ತುಳಿದವನು ಆ ಪ್ರಶ್ನೆಯ ಜೊತೆಗೇ ಉತ್ತರವನ್ನೂ ಕಾಣುತ್ತಾನೆ. ಬೆನ್ನ ಹಿಂದೆ ಮಲೆನಾಡಿನ ಸೆರಗು, ಬತ್ತದ ಗದ್ದೆ, ಕೆಂಪು ಮಣ್ಣು. ಎರಡು ತಾಸಿನಲ್ಲಿ ಮರಗಳು ತೆಳ್ಳಗಾಗಿ, ಕೆಂಪು ಮಸಾರಿ ಹೋಗಿ ಕಪ್ಪು ಎರಿ ಮಣ್ಣು ಬರುತ್ತದೆ. ಗದ್ದೆ ಹೋಗಿ ಸೋಯಾ, ಹತ್ತಿ, ಕಬ್ಬು ಬರುತ್ತವೆ. ಘಟ್ಟದ ಕಡೆಯ ಸರಕು ಮತ್ತು ಬಯಲಿನ ಕಾಳು ಕೈಬದಲಾಗುವ ಹೊಸ್ತಿಲು ಇದು. ಹೊಸ್ತಿಲನ್ನು ಹಿಡಿದವರಿಗೆ ಎರಡೂ ಕಡೆಯ ಆದಾಯ. ಕಿತ್ತೂರು ಬಯಲುಕೋಟೆ, ಬೆಟ್ಟದ ಎತ್ತರವಾಗಲಿ ಕಡಿದಾದ ಬಂಡೆಯಾಗಲಿ ಅದಕ್ಕೆ ಕಾವಲಿಲ್ಲ. ಇಂಥ ಜಾಗದಲ್ಲಿ ಕಿತ್ತೂರನ್ನಾಳಿದ ದೇಸಾಯರು ಏಕೆ ನೆಲೆನಿಂತರು ಎಂಬುದನ್ನು ಆ ಮಣ್ಣು ಬದಲಾಗುವ ದಾರಿ ಹೇಳುತ್ತದೆ. 1824ರ ಅಕ್ಟೋಬರ್ 23ರಂದು ಕಿತ್ತೂರಿನವರ ಎದುರಿನ ಕಾಳಗದಲ್ಲಿ ಧಾರವಾಡದ ಇಂಗ್ಲಿಷ್ ಕಲೆಕ್ಟರ್ ಥ್ಯಾಕರೆ ಅಲ್ಲಿ ಪ್ರಾಣ ಕಳೆದುಕೊಂಡ, ಇಬ್ಬರು ಇಂಗ್ಲಿಷ್ ಅಧಿಕಾರಿಗಳು ಸೆರೆಸಿಕ್ಕರು. ಧಾರವಾಡದಿಂದ ಕಿತ್ತೂರಿಗೆ ಮೂವತ್ತು ಕಿಲೋಮೀಟರಿನ ಆಸುಪಾಸು, ಕುದುರೆಯ ಒಂದು ಹಗಲಿನ ದಾರಿ. ಅಷ್ಟು ಹತ್ತಿರದಲ್ಲಿದ್ದೂ ಇಂಗ್ಲಿಷರು ಮತ್ತೆ ಬರಲು ಡಿಸೆಂಬರ್ ಆಯಿತು. ಅವರು ಕಾದದ್ದು ದೂರದೂರುಗಳಿಂದ ತೋಪು, ದಂಡು ಬಂದು ಕೂಡಲೆಂದು. ಬಯಲುಕೋಟೆಯ ಬಲ ತೋಪು ಬರುವ ತನಕ. ಮಟ್ಟಸ ಹೊಲದ ನಡುವೆ ಆ ಬುರುಜುಗಳನ್ನು ದೂರದಿಂದ ಕಂಡು ಮೆಲ್ಲಗೆ ಹತ್ತಿರ ಬರುವವನಿಗೆ ಈ ಮಾತನ್ನು ಬೇರೆಯವರು ವಿವರಿಸಿ ಹೇಳಬೇಕಿಲ್ಲ.

ಮುಂದಿನ ಮಾತು ಇನ್ನೂ ಸ್ಪಷ್ಟ. ಕಿತ್ತೂರು ಬಿದ್ದ ಮೇಲೆ ರಾಣಿ ಚೆನ್ನಮ್ಮನನ್ನು ಬೈಲಹೊಂಗಲದ ಕೋಟೆಯಲ್ಲಿ ಸೆರೆಯಿಟ್ಟರು. 1829ರ ಫೆಬ್ರುವರಿಯಲ್ಲಿ ಅಲ್ಲೇ ತೀರಿಕೊಂಡಳು. ಅವಳ ಅರಮನೆಯಿಂದ ಆ ಸೆರೆಮನೆಗೆ ಸೈಕಲ್ಲಿನ ಮೇಲೆ ಎರಡು ತಾಸು. ನಾವು ಸೆರೆಯೆಂದರೆ ದೂರದ ಊರು, ಕಂಡರಿಯದ ನೆಲ ಎಂದು ಕಲ್ಪಿಸಿಕೊಳ್ಳುತ್ತೇವೆ. ಇಲ್ಲಿ ಗಾಳಿಯೂ ಅದೇ, ನುಡಿಯೂ ಅದೇ, ಸಂತೆಗೆ ಬರುವ ಜನವೂ ಅವರೇ. ಇವೆರಡು ಊರುಗಳ ನಡುವೆ ಮಲಪ್ರಭೆಯ ದಂಡೆಗೆ ಸಂಗೊಳ್ಳಿ ಇದೆ, ಚೆನ್ನಮ್ಮನ ಬಂಟ ರಾಯಣ್ಣನ ಊರು. ರಾಯಣ್ಣ ವೇಷ ಮರೆಸಿಕೊಂಡು ರಾಣಿಯನ್ನು ಸೆರೆಯಲ್ಲಿ ಕಂಡುಬಂದನೆಂದು ಜನ ಹೇಳುತ್ತಾರೆ. ಅದಕ್ಕೆ ಕಾಗದದ ಸಾಕ್ಷಿ ಕೇಳುವವರು ಕೇಳಲಿ. ದೂರದ ಸಾಕ್ಷಿಯಂತೂ ಆ ಮಾತಿಗೆ ಅಡ್ಡಿಯಾಗಿಲ್ಲ. ಒಂದು ರಾತ್ರಿಯಲ್ಲಿ ಹೋಗಿಬರಬಹುದಾದ ದಾರಿ ಅದು. ಇನ್ನೊಂದು ಸಂಗತಿ ನೋಡಿ. 1830ರ ಜನವರಿಯಲ್ಲಿ ರಾಯಣ್ಣ ಇಂಗ್ಲಿಷರ ವಿರುದ್ಧ ಎದ್ದಾಗ ಬೀಡಿಯ ಕಚೇರಿ ಸುಟ್ಟ, ಸಂಪಗಾಂವಿಯ ಮೇಲೆ ಬಿದ್ದ, ನಂದಗಡದ ಕಡೆ ತಿರುಗಿದ. ಮೂಡಣದ ಸವದತ್ತಿಗೆ ಅವನ ಹೋರಾಟ ಹಬ್ಬಲಿಲ್ಲ. ಏಕೆ? ಸಂಪಗಾಂವಿ ದಾಟಿ ಮೂಡಣಕ್ಕೆ ಹೊರಟ ಸೈಕಲ್ಲಿನವನು ಸುತ್ತ ನೋಡಲಿ: ಅಡಗಲು ಒಂದು ಗಿಡಗಂಟಿ ಇಲ್ಲ. ಎರಿ ಹೊಲದಲ್ಲಿ ಒಬ್ಬ ಮನುಷ್ಯ ಎರಡು ಕಿಲೋಮೀಟರು ದೂರದಿಂದ ಕಾಣುತ್ತಾನೆ. ಗೆರಿಲ್ಲಾ ಯುದ್ಧಕ್ಕೆ ಕಾಡು ಬೇಕು, ಕಾಡು ಪಡುವಣಕ್ಕಿತ್ತು, ಯುದ್ಧವೂ ಪಡುವಣಕ್ಕೆ ಹೋಯಿತು. 1831ರ ಜನವರಿ 26ರಂದು ನಂದಗಡದಲ್ಲಿ ಅವನನ್ನು ಗಲ್ಲಿಗೇರಿಸಿದರು.

ಇಷ್ಟಕ್ಕೆ ಸೈಕಲ್ಲೇ ಏಕೆ ಬೇಕು, ಕಾರಿನ ಕಿಟಕಿ ತೆರೆದರೆ ಆಗದೇ ಎಂದು ಕೇಳಬಹುದು. ಕಾಲ್ನಡಿಗೆಯೇ ಇನ್ನೂ ಉತ್ತಮವಲ್ಲವೇ ಎಂದು ಇನ್ನೊಬ್ಬರು ಕೇಳಬಹುದು. ಎರಡಕ್ಕೂ ಉತ್ತರ ವೇಗದಲ್ಲಿದೆ. ಎತ್ತಿನ ಚಕ್ಕಡಿ ತಾಸಿಗೆ ಮೂರು-ನಾಲ್ಕು ಕಿಲೋಮೀಟರು ಹೋಗುತ್ತದೆ. ಕುದುರೆಯ ಹದವಾದ ಓಟ ಹನ್ನೆರಡು-ಹದಿನೈದು. ಅವಸರವಿಲ್ಲದ ಸೈಕಲ್ಲಿನ ವೇಗವೂ ಹೆಚ್ಚುಕಡಿಮೆ ಅದೇ. ಈ ನಾಡಿನ ಸುದ್ದಿ, ಸೈನ್ಯ, ಕಂದಾಯ, ಲೂಟಿ, ಮದುವೆಯ ದಿಬ್ಬಣ ಎಲ್ಲ ಸಾವಿರ ವರ್ಷ ಸಾಗಿದ್ದು ಚಕ್ಕಡಿಗೂ ಕುದುರೆಗೂ ನಡುವಿನ ವೇಗದಲ್ಲಿ. ಕುದುರೆಯ ಜೀನಿನ ಮೇಲಿನಿಂದ ಬೆಳೆಯ ಮೇಲೆ ಕಣ್ಣು ಹಾಯುವಂತೆ ಸೈಕಲ್ಲಿನ ಸೀಟಿನ ಮೇಲಿಂದಲೂ ಹಾಯುತ್ತದೆ. ಕಾರಿನಲ್ಲಿ ಕಿತ್ತೂರು-ಬೈಲಹೊಂಗಲ ಅರ್ಧ ತಾಸಿನ ಕೆಲಸ. ಅಷ್ಟರಲ್ಲಿ ಮಣ್ಣು ಬದಲಾದದ್ದು ಕಂಡರೂ ಅದು ಚಿತ್ರ ಸರಿದಂತೆ ಸರಿಯುತ್ತದೆ, ದೂರವಾಗಿ ಮೈಗೆ ತಾಕುವುದಿಲ್ಲ. ನಡಿಗೆಯ ಬಗ್ಗೆ ನನಗೆ ಗೌರವವಿದೆ. ಆದರೆ ಎಲ್ಲಮ್ಮನಿಗೆ ನಡೆದುಬರುವವರ ಗುರಿ ಎಲ್ಲಮ್ಮ ಒಬ್ಬಳೇ. ದಾರಿ ತಪಸ್ಸು, ಅಡ್ಡದಾರಿ ತಪಸ್ಸಿಗೆ ಭಂಗ. ಹೋಲಿಸಿ ನೋಡುವವನಿಗೆ ಒಂದೇ ದಿನದಲ್ಲಿ ಎರಡು ಬಗೆಯ ನೆಲ ಕಣ್ಣಿಗೆ ಬೀಳಬೇಕು, ಬೇಕೆಂದಾಗ ಬೆಳವಡಿಯ ಕಡೆಗೋ ಸೊಗಲದ ಜಲಪಾತದ ಕಡೆಗೋ ಹ್ಯಾಂಡಲ್ ತಿರುಗಿಸುವ ಸ್ವಾತಂತ್ರ್ಯ ಬೇಕು. ಬೆಳವಡಿ ಎಂದರೆ ಶಿವಾಜಿಯ ಸೈನ್ಯಕ್ಕೆ ಎದುರುನಿಂತ ಮಲ್ಲಮ್ಮನ ಊರು. ಕಿತ್ತೂರಿಗೂ ಒಂದೂವರೆ ಶತಮಾನದಷ್ಟು ಹಿಂದಿನ ಕತೆ ಅದು. ಕೆಲವೇ ತಾಸುಗಳ ಹರಹಿನಲ್ಲಿ ಇಬ್ಬರು ರಾಣಿಯರ ಊರು.

ಸವದತ್ತಿಯ ಕಡೆಗೆ ಬಂದಂತೆ ನೆಲ ಮತ್ತೊಂದು ಮಗ್ಗುಲಿಗೆ ಹೊರಳುತ್ತದೆ. ಬಯಲಿನಿಂದ ಒಮ್ಮೆಲೇ ಮರಳುಗಲ್ಲಿನ ಗುಡ್ಡಸಾಲು ಏಳುತ್ತದೆ. ಬಾದಾಮಿಯ ಬೆಟ್ಟಗಳ ಬಳಗವೇ ಇದು. ಇಲ್ಲಿ ಕೋಟೆಗಳೂ ಗುಡ್ಡ ಹತ್ತುತ್ತವೆ: ಪರಸಗಡದ ದುರ್ಗ ಹಾಗೆ ಹತ್ತಿದ್ದು, ಸವದತ್ತಿ ತಾಲೂಕಿಗೆ ಬಹುಕಾಲ ಅದರದೇ ಹೆಸರಿತ್ತು. ರಟ್ಟ ಅರಸರ ಕಾಲದಲ್ಲಿ ಸವದತ್ತಿ ಸುಗಂಧವರ್ತಿ, ಅವರ ರಾಜಧಾನಿ. 13ನೆಯ ಶತಮಾನದ ಆರಂಭಕ್ಕೆ ಅವರು ವೇಣುಗ್ರಾಮಕ್ಕೆ, ಅಂದರೆ ಬೆಳಗಾವಿಗೆ ಹೋದರು. ಇಂದು ಹೆದ್ದಾರಿ ಕಿತ್ತೂರಿನ ಮಗ್ಗುಲಲ್ಲಿ ಹಾದಿರುವುದರಿಂದ ನಮಗೆ ಸವದತ್ತಿ ಒಂದು ಮೂಲೆಯಂತೆ ಕಾಣುತ್ತದೆ. ಹತ್ತು ಕಿಲೋಮೀಟರಿನೊಳಗಿನ ಹೂಲಿಗೆ ಹೋಗಿ ನೋಡಿದರೆ ಮೂಲೆಯೆಂಬ ಭಾವನೆ ಬಿಟ್ಟುಹೋಗುತ್ತದೆ. ಶಾಸನಗಳು ಅದನ್ನು ಪೂಲಿ ಎಂದು ಕರೆದಿವೆ, ಸಾಸಿರ್ವರು ಮಹಾಜನರಿದ್ದ ಅಗ್ರಹಾರವೆಂದು ಹೇಳಿವೆ. ಪಂಚಲಿಂಗೇಶ್ವರ ಗುಡಿ ಗಟ್ಟಿಯಾಗಿ ನಿಂತಿದೆ, ಸುತ್ತ ಹಾಳುಗುಡಿಗಳು ಎಣಿಸುವಷ್ಟಿವೆ. ಗುಡ್ಡದ ತೆಕ್ಕೆ, ಕೆಳಗೆ ಕೆರೆ. ಸಾವಿರ ಜನ ಓದುವವರು ಉಣ್ಣಬೇಕಾದರೆ ಗುಡ್ಡದಿಂದ ಇಳಿದ ನೀರು ಒಂದೆಡೆ ನಿಲ್ಲಬೇಕಲ್ಲ.

ನೀರು ನಿಲ್ಲುವ ಜಾಗ ಎಂದಾಗ ನವಿಲುತೀರ್ಥ. ಮಲಪ್ರಭೆ ಈ ಗುಡ್ಡಸಾಲನ್ನು ಸೀಳಿಕೊಂಡು ಆಚೆ ಹೋಗಿದ್ದಾಳೆ. ಸೀಳು ಎಷ್ಟು ಇಕ್ಕಟ್ಟೆಂದರೆ ನೂರೈವತ್ತು ಮೀಟರಿನ ಆಸುಪಾಸಿನ ಉದ್ದದ ಅಣೆಕಟ್ಟು 37 ಟಿಎಂಸಿ ನೀರನ್ನು ಹಿಡಿದು ನಿಲ್ಲಿಸಿದೆ. ಕೈಯಗಲದ ಬಾಗಿಲು, ಒಳಗೆ ಸಮುದ್ರದಂಥ ಮನೆ. ಜಲಾಶಯದ ನೀರಿನ ಅಂಚಿಗುಂಟ ಬಂದು ಆಮೇಲೆ ಸೀಳನ್ನು ಕಂಡವನಿಗೆ ಅಣೆಕಟ್ಟು ಇಲ್ಲೇ ಏಕೆ ಎಂಬುದು ಒಂದು ನೋಟಕ್ಕೆ ತಿಳಿಯುತ್ತದೆ. ಈ ನೀರು ಕಾಲುವೆಗಳಲ್ಲಿ ನರಗುಂದ, ನವಲಗುಂದದ ಎರಿ ಹೊಲಗಳಿಗೆ ಇಳಿದದ್ದು, ಆ ನೀರಿಗೆ ಹೇರಿದ ಅಭಿವೃದ್ಧಿ ಕರದಿಂದ 1980ರ ಜುಲೈನಲ್ಲಿ ರೈತರು ಸಿಡಿದೆದ್ದದ್ದು ಬೇರೆಯೇ ಒಂದು ಭಾಷಣದ ವಿಷಯ. ಎಲ್ಲಮ್ಮನ ಗುಡ್ಡದ ಬಗ್ಗೆ ಒಂದು ಒಪ್ಪಿಗೆ: ಗಿಯರಿಲ್ಲದ ಸೈಕಲ್ಲಿನಲ್ಲಿ ಆ ಏರು ಹತ್ತಲಾಗದು, ಇಳಿದು ನೂಕಬೇಕು. ಬನದ ಹುಣ್ಣಿಮೆ, ಭಾರತ ಹುಣ್ಣಿಮೆಯ ಜಾತ್ರೆಯ ದಿನಗಳಲ್ಲಂತೂ ಚಕ್ಕಡಿ, ಟ್ರ್ಯಾಕ್ಟರು, ಬಸ್ಸು, ಜನಸಾಗರ. ಆಗ ಸೈಕಲ್ ತರದಿರುವುದೇ ವಿವೇಕ.

ರಾಮದುರ್ಗದ ಕಡೆ ಹೋಗುವ ಪ್ರವಾಸದ ಬಸ್ಸು ಕಡಿಮೆಯೆಂದೆ. ನನ್ನ ವಾದಕ್ಕೆ ಎಲ್ಲಕ್ಕಿಂತ ಗಟ್ಟಿ ಸಾಕ್ಷಿ ಸಿಗುವುದು ಅಲ್ಲಿಯೇ. ರಾಮದುರ್ಗ, ನರಗುಂದ ಎರಡೂ ಭಾವೆ ಮನೆತನದ ಸಂಸ್ಥಾನಗಳು. ನಡುವೆ ಇಪ್ಪತ್ತೈದು ಕಿಲೋಮೀಟರಿನ ಆಸುಪಾಸು, ಆ ದಾರಿಯ ಮೇಲೆ ಮಗ್ಗಗಳ ಊರು ಸುರೇಬಾನ. ದತ್ತಕಕ್ಕೆ ಇಂಗ್ಲಿಷರ ಒಪ್ಪಿಗೆ ಸಿಗದ ಸಿಟ್ಟು, ಆಯುಧ ಒಪ್ಪಿಸಬೇಕೆಂಬ ಅವರ ಆಜ್ಞೆಯ ಸಿಟ್ಟು ಸೇರಿ ನರಗುಂದದ ಅರಸ ಬಾಬಾಸಾಹೇಬ ಕುದಿಯುತ್ತಿದ್ದ ಕಾಲ. 1858ರ ಮೇ 29ರ ರಾತ್ರಿ ಇಂಗ್ಲಿಷರ ಪೊಲಿಟಿಕಲ್ ಏಜೆಂಟ್ ಮ್ಯಾನ್ಸನ್ ರಾಮದುರ್ಗದಿಂದ ಹೊರಟು ಸುರೇಬಾನದಲ್ಲಿ ತಂಗಿದ. ಜೊತೆಗೆ ಚಿಕ್ಕ ಕಾವಲು. ನರಗುಂದದಿಂದ ಕುದುರೆಗಳು ಬಂದವು. ಬೆಳಗಾಗುವಷ್ಟರಲ್ಲಿ ಅವನ ತಲೆ ನರಗುಂದದ ಬಾಗಿಲಿಗೆ ಬಂದಿತ್ತು. ಜೂನ್ ಮೊದಲೆರಡು ದಿನಗಳಲ್ಲಿ ನರಗುಂದ ಬಿತ್ತು. ಬಾಬಾಸಾಹೇಬ ತಪ್ಪಿಸಿಕೊಂಡು ಹೋಗಿ ತೊರಗಲ್ಲಿನ ಕಾಡಿನಲ್ಲಿ ಸಿಕ್ಕಿಬಿದ್ದ. ಜೂನ್ 12ರಂದು ಬೆಳಗಾವಿಯಲ್ಲಿ ಗಲ್ಲು. ಎರಡು ವಾರದ ಈ ಕತೆ, ಗಲ್ಲೊಂದನ್ನು ಬಿಟ್ಟರೆ, ಎರಡು ದಿನದ ಸೈಕಲ್ ಸುತ್ತಾಟದೊಳಗೆ ಅಡಕವಾಗಿದೆ. ಪುಸ್ತಕದಲ್ಲಿ ಓದಿದರೆ ಒಂದು ಕೊಲೆ, ಒಂದು ಸೇಡು. ಸುರೇಬಾನದಿಂದ ನರಗುಂದದ ಗುಡ್ಡವನ್ನು ಕಣ್ಣಲ್ಲಿಟ್ಟು ಆ ಬಯಲು ದಾಟುವಾಗ ಅದು ದೂರದ ಲೆಕ್ಕಾಚಾರ ತಪ್ಪಿದ ಕತೆಯಾಗುತ್ತದೆ: ಶತ್ರುವಿನ ಕುದುರೆ ಒಂದು ರಾತ್ರಿಯಲ್ಲಿ ಬಂದುಹೋಗುವ ಜಾಗದಲ್ಲಿ ಮ್ಯಾನ್ಸನ್ ಮಲಗಿದ. ಬಾಬಾಸಾಹೇಬ ಕೂಡ ಅದೇ ತಪ್ಪು ಮಾಡಿದ. ತೊರಗಲ್ಲು ಅಡಗಲು ತಕ್ಕ ಜಾಗವೇ, ಆದರೆ ಅಷ್ಟು ಹತ್ತಿರ ಅಡಗಬಾರದಿತ್ತು. ಆ ತೊರಗಲ್ಲು ಒಂದು ಕಾಲಕ್ಕೆ ತೊರಗಲೆ ಆರುಸಾವಿರ ಎಂಬ ನಾಡಿನ ತಲೆಯೂರು. ಈಗ ಹೊಳೆಯ ಬದಿಗೆ ಕೋಟೆ, ಭೂತನಾಥನ ಗುಡಿ.

ಇನ್ನು ಆಕ್ಷೇಪಗಳಿಗೆ ಬರೋಣ. ಬಿಸಿಲಿನ ಮಾತು ಮೊದಲು, ಅದು ನಿಜವಾದ ಮಾತು. ಏಪ್ರಿಲ್-ಮೇ ತಿಂಗಳ ರಾಮದುರ್ಗದಲ್ಲಿ ಮಧ್ಯಾಹ್ನ ಸೈಕಲ್ ತುಳಿಯಿರಿ ಎಂದು ಯಾರೂ ಹೇಳಲಾರರು. ಆದರೆ ಜೂನ್ ಕಳೆದ ಮೇಲೆ ಈ ಸೀಮೆಯಲ್ಲಿ ಪಡುವಣ ಗಾಳಿ ಬೀಸುತ್ತದೆ. ಸವದತ್ತಿಯ ಗುಡ್ಡಗಳ ಮೇಲೆ ಗಾಳಿಯಂತ್ರಗಳನ್ನು ಸುಮ್ಮನೆ ನಿಲ್ಲಿಸಿಲ್ಲ. ಕಿತ್ತೂರಿನಿಂದ ಮೂಡಣಕ್ಕೆ ಹೊರಟವನಿಗೆ ಅದು ಬೆನ್ನಗಾಳಿ. ಮೂಡಣಕ್ಕೆ ಹೋದಂತೆ ಮಳೆಯೂ ಕಡಿಮೆಯಾಗುತ್ತ ಬರುತ್ತದೆ. ಚಳಿಗಾಲದಲ್ಲಿ ಗಾಳಿ ಮಗ್ಗುಲು ಬದಲಿಸಿದಾಗ ರಾಮದುರ್ಗದಿಂದ ಹೊರಟರಾಯಿತು. ರಸ್ತೆಯ ಮಾತು ಇದಕ್ಕಿಂತ ಕಠಿಣ. ಎರಿ ಮಣ್ಣು ಮಳೆಗೆ ಉಬ್ಬುತ್ತದೆ, ಬೇಸಗೆಗೆ ಬಿರಿಯುತ್ತದೆ. ಅದರ ಮೇಲಿನ ಡಾಂಬರು ಅಲೆಯಲೆಯಾಗುತ್ತದೆ. ಪಂದ್ಯದ ಸೈಕಲ್ಲಿನ ಬೆರಳುದಪ್ಪ ಟಾಯರು ಇಲ್ಲಿ ನಡೆಯದು, ಮೂವತ್ತೈದು-ನಲವತ್ತು ಮಿಲಿಮೀಟರಿನದು ಬೇಕು. ಹಸಿ ಎರಿಯ ಹೊಲದಾರಿಗೆ ಇಳಿದರಂತೂ ಮಣ್ಣು ಗಾಲಿಗೆ ಮೆತ್ತಿ ಸೈಕಲ್ಲನ್ನೇ ಹೊರಬೇಕಾಗುತ್ತದೆ. ಕಬ್ಬಿನ ಹಂಗಾಮಿನಲ್ಲಿ ಎರಡೆರಡು ಟ್ರೇಲರ್ ಎಳೆಯುವ ಟ್ರ್ಯಾಕ್ಟರುಗಳು ರಸ್ತೆ ತುಂಬುತ್ತವೆ, ಹಲವಕ್ಕೆ ಹಿಂದೆ ದೀಪವಿರುವುದಿಲ್ಲ. ಇದಕ್ಕೆ ನನ್ನ ಉತ್ತರ ಮುಖ್ಯರಸ್ತೆ ಬಿಡಿ ಎಂಬುದು. ಹಳ್ಳಿಯಿಂದ ಹಳ್ಳಿಗೆ ಹೋಗುವ ಒಳರಸ್ತೆಗಳಿವೆ. ಹೊಸ ದಾರಿ ಕಟ್ಟಬೇಕಾಗಿಲ್ಲ. ಕವಲಿಗೊಂದು ಕಲ್ಲು, ಅದರ ಮೇಲೆ ಊರಿನ ಹೆಸರು, ದೂರ, ಗುಡಿಯ ಕಾಲ ಬರೆದರೆ ಮುಗಿಯಿತು. ಪ್ರತಿ ಸ್ಥಳದಲ್ಲೂ ಕಾರು ನಿಲ್ಲಿಸಲು ಫರಸಿ ಹಾಸುವ ಖರ್ಚಿನ ಮುಂದೆ ಇದು ಚಿಲ್ಲರೆ ದುಡ್ಡು.

ಇನ್ನೊಂದು ಆಕ್ಷೇಪ ಸೂಕ್ಷ್ಮವಾದದ್ದು: ಸೈಕಲ್ ಈಗ ಇಬ್ಬರದು, ಇಲ್ಲದವರದು ಮತ್ತು ಅತಿಯಾಗಿ ಇದ್ದವರದು, ಲಕ್ಷ ರೂಪಾಯಿಯ ಸೈಕಲ್ ಏರಿ ಬಂದವರಿಗೆ ರೈತರ ದಾರಿ ಆಟದ ಬಯಲಾಗಬೇಕೇ? ಮಾತಿನ ಚುರುಕು ಸರಿಯಾಗಿಯೇ ತಾಕುತ್ತದೆ. ಆದರೆ 2006-07ರಿಂದ ಹಲವು ವರ್ಷ ನಮ್ಮ ಸರ್ಕಾರ ಎಂಟನೆಯ ತರಗತಿಯ ಮಕ್ಕಳಿಗೆ ಸೈಕಲ್ ಕೊಟ್ಟಿತು. ಹಳ್ಳಿಯಿಂದ ಹೈಸ್ಕೂಲಿಗೆ ಹುಡುಗಿಯರು ಗುಂಪಾಗಿ ಸೈಕಲ್ ತುಳಿದು ಹೋಗುವ ನೋಟ ಆಗಲೇ ಸಾಮಾನ್ಯವಾದದ್ದು. ಈ ನೆಲದಲ್ಲಿ ಹೆಂಗಸು ಸೈಕಲ್ ಹೊಡೆಯಬಹುದೇ ಎಂಬ ಪ್ರಶ್ನೆಯನ್ನು ಅವರು ಪೆಡಲು ತುಳಿದೇ ತೀರಿಸಿದ್ದಾರೆ. ನಾನು ಹೇಳುವ ದಾರಿಯ ಮೊದಲ ಹಕ್ಕು ಅವರದು. ಸಂಗೊಳ್ಳಿಯ ಹುಡುಗಿ ದೇಗಾಂವಿಯ ಗುಡಿ ನೋಡಿರುವುದಿಲ್ಲ, ಹೂಲಿಯ ಹುಡುಗ ತೊರಗಲ್ಲು ನೋಡಿರುವುದಿಲ್ಲ. ದೂರದ ಪ್ರವಾಸಿ ಬಂದರೆ ಬರಲಿ, ಖಾನಾವಳಿಗೆ ಎರಡು ಊಟ ಹೆಚ್ಚು. ಪಂಕ್ಚರ್ ಅಂಗಡಿಯವನಿಗೂ ಕೆಲಸ.

ಒಂದು ತೊಡಕು ಮಾತ್ರ ಉಳಿಯುತ್ತದೆ, ಅದಕ್ಕೆ ನನ್ನ ವಾದದಲ್ಲಿ ಉತ್ತರವಿಲ್ಲ. ಬೆನ್ನಗಾಳಿ ಹಿಡಿದು ರಾಮದುರ್ಗಕ್ಕೆ ಬಂದವನು ಮರಳಿ ಹೋಗುವುದು ಹೇಗೆ? ಅದೇ ಗಾಳಿ ಈಗ ಎದುರುಗಾಳಿ, ನೂರು ಕಿಲೋಮೀಟರು. ಧಾರವಾಡದಿಂದ ಸವದತ್ತಿ, ರಾಮದುರ್ಗದ ಮೇಲೆ ಲೋಕಾಪುರಕ್ಕೆ ರೈಲು ಬೇಕೆಂಬ ಬೇಡಿಕೆ ಹಳೆಯದು. ರೈಲು ಬಂದಾಗ ಬರಲಿ. ಲ್ವಾರ್ ದಂಡೆಯಲ್ಲಿ ಬೇಸಗೆಯ ರೈಲುಗಳಲ್ಲಿ ಸೈಕಲ್ ಇಡಲೆಂದೇ ಜಾಗವಿರುತ್ತದೆ. ಇಲ್ಲಿ ಸದ್ಯಕ್ಕೆ ರಾಮದುರ್ಗದಿಂದ ಸಂಜೆ ಬೆಳಗಾವಿಯ ಕಡೆ ಹೊರಡುವ ಒಂದು ಬಸ್ಸಿನ ಹಿಂಬದಿಗೆ ನಾಲ್ಕು ಕಬ್ಬಿಣದ ಕೊಕ್ಕೆ ಹೊಡೆಸಿದರೆ ನಾಲ್ಕು ಸೈಕಲ್ಲು ನೇತುಹಾಕಬಹುದು. ಆ ಕೆಲಸವನ್ನು ಯಾವ ಊರಿನ ಕಮ್ಮಾರನಾದರೂ ಅರ್ಧ ದಿನದಲ್ಲಿ ಮಾಡಿಕೊಟ್ಟಾನು.